ಚಿಕ್ಕಪ್ಪನ ಪ್ರತಿ

ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಆತ್ಮಕಥೆ ‘ಇಟ್ಸ್ ನಾಟ್ ಅಬೌಟ್ ದ ಬೈಕ್’ ನನ್ನ ಕಪಾಟಿನಲ್ಲಿದೆ. ಅದು ಚಿಕ್ಕಪ್ಪನ ಪ್ರತಿ. ಕೀಮೋಥೆರಪಿಗೆ ಹೋಗಿಬರುತ್ತಿದ್ದ ದಿನಗಳಲ್ಲಿ ಅವರು ಅದನ್ನು ಪೆನ್ಸಿಲ್ ಹಿಡಿದು ಓದಿದ್ದರು. ಗೆರೆಗಳೆಲ್ಲ ಆಸ್ಪತ್ರೆಯ ಅಧ್ಯಾಯಗಳಲ್ಲಿವೆ. ಟೂರ್ ದ ಫ್ರಾನ್ಸ್ ಗೆದ್ದ ಪುಟಗಳಲ್ಲಿ ಒಂದೂ ಇಲ್ಲ.

ಪುಸ್ತಕ ಬಂದದ್ದು 2000ರಲ್ಲಿ. 1996ರಲ್ಲಿ, ಇಪ್ಪತ್ತೈದನೇ ವಯಸ್ಸಿನಲ್ಲಿ, ಆರ್ಮ್‌ಸ್ಟ್ರಾಂಗ್‌ಗೆ ವೃಷಣದ ಕ್ಯಾನ್ಸರ್ ಪತ್ತೆಯಾಯಿತು. ಆಗಲೇ ಅದು ಶ್ವಾಸಕೋಶಕ್ಕೂ ಮಿದುಳಿಗೂ ಹಬ್ಬಿತ್ತು. 1999ರಲ್ಲಿ ಆತ ಟೂರ್ ಗೆದ್ದ, ಆಮೇಲೆ ಇನ್ನೂ ಆರು ಸಲ. 2012ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಏಳೂ ಪ್ರಶಸ್ತಿಗಳು ಹೋದವು. ಮರುವರ್ಷ ಜನವರಿಯಲ್ಲಿ ಓಪ್ರಾ ವಿನ್‌ಫ್ರೀ ಎದುರು ಕೂತು ತಪ್ಪೊಪ್ಪಿಕೊಂಡ.

ಈಗ ಮತ್ತೆ ಓದಿದರೆ ಸುಳ್ಳಿನ ಜಾಣತನ ಕಾಣುತ್ತದೆ. ಗೆಲುವಿನ ಬಗ್ಗೆ ಅನುಮಾನಪಟ್ಟ ಪತ್ರಕರ್ತರು ಈ ಕಥನದಲ್ಲಿ, ಸಾಯಬೇಕಿದ್ದವನೊಬ್ಬ ಎದ್ದು ನಿಂತದ್ದನ್ನು ಸಹಿಸಲಾರದವರಂತೆ ಕಾಣುತ್ತಾರೆ. ರೋಗಿ ಬದುಕಿದ್ದು ನಿಜ, ಹಾಗಾಗಿ ಸವಾರ ಗೆದ್ದದ್ದೂ ನಿಜ ಎನ್ನುವ ತರ್ಕ ಇದು. ಅನುಮಾನಿಸುವುದೇ ಕೃತಘ್ನತೆ ಅನ್ನಿಸುವಂತೆ ಬರೆಯಲಾಗಿದೆ. ನಾನೂ ಆಗ ಹಾಗೇ ನಂಬಿದ್ದೆ; ಅನುಮಾನಿಸಿದ ಗೆಳೆಯನೊಬ್ಬನ ಮೇಲೆ ರೇಗಿದ್ದೆ ಕೂಡ.

ಆ ಆಸ್ಪತ್ರೆಯ ಒಂದು ದೃಶ್ಯ ಪುಸ್ತಕದಲ್ಲಿ ಇಲ್ಲ. ಆರ್ಮ್‌ಸ್ಟ್ರಾಂಗ್ 1996ರಲ್ಲಿ ಇಂಡಿಯಾನಾದ ಆಸ್ಪತ್ರೆಯಲ್ಲಿ, ತಾನು ಬಳಸಿದ ಮದ್ದುಗಳನ್ನು ವೈದ್ಯರಿಗೆ ಹೇಳಿದ್ದನ್ನು ಕೇಳಿಸಿಕೊಂಡೆವು ಎಂದು ಸಹಸವಾರ ಫ್ರಾಂಕಿ ಆಂಡ್ರ್ಯೂ ಮತ್ತು ಆತನ ಹೆಂಡತಿ ಬೆಟ್ಸಿ ಪ್ರಮಾಣ ಮಾಡಿ ಸಾಕ್ಷಿ ನುಡಿದರು. ಆತ ಅದನ್ನು ಅಲ್ಲಗಳೆದ. ನನಗೆ ತೊಡಕಾಗುವುದು ಇಲ್ಲೇ. ಸುಳ್ಳು ಬರೀ ರೇಸಿನ ಭಾಗದಲ್ಲಿದೆ, ಕಾಯಿಲೆಯ ಭಾಗವಾದರೂ ಶುದ್ಧ ಎಂದು ಪುಸ್ತಕವನ್ನು ಎರಡು ಹೋಳು ಮಾಡಿ ಒಂದನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

ಇದರ ಪಕ್ಕದಲ್ಲಿ ಇಟ್ಟು ಓದಬೇಕಾದದ್ದು ಟೈಲರ್ ಹ್ಯಾಮಿಲ್ಟನ್ 2012ರಲ್ಲಿ ಡೇನಿಯಲ್ ಕಾಯ್ಲ್ ಜೊತೆ ಬರೆದ ‘ದ ಸೀಕ್ರೆಟ್ ರೇಸ್’. ಅದೇ 1999ರ ಟೂರ್. ಆದರೆ ಇಲ್ಲಿ ಬೆಟ್ಟ, ಮಳೆಗಳ ಜೊತೆಗೆ, ತಂಡಕ್ಕೆ ಇಪಿಒ ತಲುಪಿಸಲು ಹಿಂದೆಯೇ ಮೋಟಾರ್ ಸೈಕಲ್ಲಿನಲ್ಲಿ ಬರುವವನೊಬ್ಬನಿದ್ದಾನೆ. ಹ್ಯಾಮಿಲ್ಟನ್ ಸತ್ಯಸಂಧನೇನಲ್ಲ. 2004ರಲ್ಲಿ ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿದ್ದು ವರ್ಷಗಟ್ಟಲೆ ಸುಳ್ಳು ಹೇಳಿದವನು. ಆದರೂ ಅವನನ್ನೇ ನಂಬುತ್ತೇನೆ. ಅವನು ಕೊಡುವ ಒಂದೊಂದು ವಿವರಕ್ಕೂ ಅವನ ಮಾನ ಹೋಗುತ್ತದೆ. ಆರ್ಮ್‌ಸ್ಟ್ರಾಂಗ್‌ನ ವಿವರಗಳು, ನೋವಿನವೂ ಸೇರಿ, ಅವನನ್ನು ಒಂದೊಂದು ಮೆಟ್ಟಿಲು ಮೇಲೇರಿಸುತ್ತವೆ. ವಾಂತಿ ಮಾಡಿಕೊಳ್ಳುವ ಪುಟದಲ್ಲೂ ಅವನು ಸೋಲುವುದಿಲ್ಲ.

ಕ್ಯಾಲಿಫೋರ್ನಿಯಾದ ಕೆಲವು ಓದುಗರು ಆರ್ಮ್‌ಸ್ಟ್ರಾಂಗ್ ಮೇಲೂ ಪ್ರಕಾಶಕರ ಮೇಲೂ ಮೊಕದ್ದಮೆ ಹೂಡಿದ್ದರು: ಕಟ್ಟುಕಥೆಯನ್ನು ಆತ್ಮಕಥೆಯೆಂದು ಮಾರಿದ್ದೀರಿ ಎಂದು. 2013ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸುಳ್ಳಿದ್ದರೂ ಆ ಬರಹಕ್ಕೆ ವಾಕ್‌ಸ್ವಾತಂತ್ರ್ಯದ ರಕ್ಷಣೆ ಉಂಟು ಎಂದಿತು. ಕಾನೂನಿಗೆ ಅದು ಸಾಕು. ಓದುಗನಿಗೆ ಸಾಲದು.

ಇಪಿಒ ಆರ್ಮ್‌ಸ್ಟ್ರಾಂಗ್‌ನ ಪುಸ್ತಕದಲ್ಲೂ ಬರುತ್ತದೆ, ಔಷಧಿಯಾಗಿ. ಕೆಂಪು ರಕ್ತಕಣ ಹೆಚ್ಚಿಸುವ ಅದೇ ಹಾರ್ಮೋನನ್ನು ಕೀಮೋ ಸಮಯದಲ್ಲಿ ರಕ್ತಹೀನತೆಗೆ ಕೊಡುತ್ತಾರೆ. ಅದು ತನ್ನನ್ನು ಉಳಿಸಿತು ಎಂಬರ್ಥದಲ್ಲಿ ಆತ ಬರೆಯುತ್ತಾನೆ. ಆ ಪುಟದಲ್ಲಿ ಗೆರೆ ದಪ್ಪಗಿದೆ. ಪಕ್ಕದ ಅಂಚಿನಲ್ಲಿ ಚಿಕ್ಕಪ್ಪ ತಮ್ಮ ಆ ವಾರದ ಹಿಮೋಗ್ಲೋಬಿನ್ ಬರೆದುಕೊಂಡಿದ್ದಾರೆ: 8.2.