ಮೂಲೆಯ ದೇವರು

ಮಣಿಪುರದ ಮೈತೇಯಿ ಪುರಾಣದಲ್ಲಿ ಅಣ್ಣ ಸನಾಮಹಿ ಲೋಕ ಸುತ್ತಿ ಬರೋದರೊಳಗೆ ತಮ್ಮ ಪಾಖಂಗ್ಬಾ ಅಪ್ಪನ ಸಿಂಹಾಸನ ಸುತ್ತಿ ಪಟ್ಟ ಹೊಡೆದುಕೊಂಡ. ಗಣಪ-ಷಣ್ಮುಖರ ಕಥೆಯ ನಕಲು ಅಂತ ಪಂಡಿತರು ಕೈತೊಳೆದುಕೊಳ್ಳಬಹುದು. ಆದರೆ ಇಲ್ಲಿ ಗೆದ್ದವನಿಗೆ ಅರಮನೆ, ಸೋತವನಿಗೆ ಪ್ರತಿ ಮನೆಯ ನೈರುತ್ಯ ಮೂಲೆ. ಈ ಮೂಲೆಯೇ ಗಟ್ಟಿ ನೋಡಿ. 1709ರಲ್ಲಿ ಪಟ್ಟಕ್ಕೆ ಬಂದ ಪಾಮ್‌ಹೈಬಾ ವೈಷ್ಣವನಾದ, ಹಳೆಯ 'ಪುಯಾ' ಹೊತ್ತಿಗೆಗಳನ್ನು ಸುಡಿಸಿದ. ಮನೆಮೂಲೆಯ ಸನಾಮಹಿ ಮಾತ್ರ ಕದಲಲಿಲ್ಲ. ಲಾಯ್ ಹರಾವೋಬಾ ಹಬ್ಬದಲ್ಲಿ ಮೈಬಿಯರು, ಅಂದರೆ ಹೆಣ್ಣು ಪೂಜಾರಿಗಳು, ಇಂದಿಗೂ ಮೈದುಂಬಿ ಸೃಷ್ಟಿಯ ಕಥೆಯನ್ನು ಕುಣಿದು ತೋರಿಸ್ತಾರೆ. ಕುಣಿತವನ್ನು ಸುಡೋದು ಹೇಗೆ? ಇಷ್ಟನ್ನು ಎಲ್ಲರೂ ಹೊಗಳ್ತಾರೆ. ಹೊಗಳೋರು ಬಿಟ್ಟುಬಿಡೋದು ಆಂದ್ರೋ, ಸೆಕ್ಮಾಯಿ, ಫಯೇಂಗ್ ಊರುಗಳ ಲೋಯಿಗಳನ್ನು. ಹಳೆಯ ದೇವರನ್ನು ಬಿಡಲೊಲ್ಲದ ಇವರನ್ನು ವೈಷ್ಣವ ಮಡಿ ಕೀಳೆಂದು ಹೊರಗಿಟ್ಟಿತು. ಇವತ್ತು ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋದು ಇವರದೇ ಹೆಸರು.