‘ಯಾದ್ ವಶೇಮ್’: ಅರಿಯದುಳಿದ ಬಾಲ್ಯ

ನೇಮಿಚಂದ್ರರ ‘ಯಾದ್ ವಶೇಮ್’ (2007) ತನ್ನ ಹೆಸರನ್ನು ಜೆರುಸಲೇಮಿನಲ್ಲಿ 1953ರಲ್ಲಿ ಸ್ಥಾಪಿತವಾದ ಯಹೂದಿ ನರಮೇಧದ ಸ್ಮಾರಕದಿಂದ ಪಡೆದಿದೆ. ನಾಜಿ ಜರ್ಮನಿಯಿಂದ ತಂದೆಯೊಡನೆ ಪಾರಾಗಿ ಬಂದ ಬಾಲಕಿ ಹ್ಯಾನಾ, ಅವನನ್ನೂ ಕಳೆದುಕೊಂಡು ಬೆಂಗಳೂರಿನ ಕುಟುಂಬವೊಂದರ ಆಸರೆಯಲ್ಲಿ ಬೆಳೆಯುತ್ತಾಳೆ.

ಯುದ್ಧಕಾಲದ ಬಾಲ್ಯವೆಂದೊಡನೆ ನಮಗೆ ನೆನಪಾಗುವ ಆನ್ ಫ್ರಾಂಕಳ ದಿನಚರಿ 1944ರ ಆಗಸ್ಟ್ 1ರಂದು ನಿಂತುಹೋಗುತ್ತದೆ. ಮುಂದೆ ಅವಳಿಗೊದಗಿದ ಗತಿ ಓದುಗನಿಗೆ ಗೊತ್ತು. ಬರೆಯುವಾಗ ಅವಳಿಗೆ ಗೊತ್ತಿರಲಿಲ್ಲ. ಹ್ಯಾನಾಳ ಸ್ಥಿತಿ ಇದಕ್ಕೆ ವಿಲೋಮವಾದುದು. ಬದುಕುಳಿದ ಅವಳು, ಹಿಂದೆ ಉಳಿದ ತನ್ನವರ ಗತಿಯನ್ನರಿಯಲು ದಶಕಗಳ ಬಳಿಕ ಯುರೋಪಿಗೆ ಹೊರಡಬೇಕಾಗುತ್ತದೆ. ಇಲ್ಲಿ ಮುಗ್ಧತೆ ಒಂದೇ ಆಘಾತದಲ್ಲಿ ಭಗ್ನವಾಗುವುದಿಲ್ಲ. ಅರಿಯದಿರುವುದೇ ಬದುಕಿನುದ್ದದ ಗಾಯವಾಗುತ್ತದೆ. ಕೃತಿಯ ಸತ್ವ ಇರುವುದು ಈ ಗ್ರಹಿಕೆಯಲ್ಲಿ.

ಹುಡುಕಾಟದ ಭಾಗದಲ್ಲಿ ಚರಿತ್ರೆಯ ಮಾಹಿತಿ ಹೆಚ್ಚಿದಂತೆ ಆ ಬಾಲಕಿಯ ನೋಟ ಮಸುಕಾಗುವುದನ್ನು ನಾವು ಅಲ್ಲಗಳೆಯಲಾರೆವು. ಆದರೂ ದ್ವೇಷ ನಮ್ಮ ನೆಲದಲ್ಲಿಯೂ ಮೊಳೆಯಬಲ್ಲದೆಂಬ ಎಚ್ಚರ ಇದನ್ನು ಕೇವಲ ಪರದೇಶದ ಕಥೆಯಾಗಲು ಬಿಡುವುದಿಲ್ಲ. ಹಲವು ಭಾಷೆಗಳ ದುಡಿಯುವ ಕುಟುಂಬಗಳು ನೆರೆಹೊರೆಯಾಗಿರುವ ಹೈದರಾಬಾದಿನ ಜೀಡಿಮೆಟ್ಲಾದಂತಹ ಕಡೆ ಕುಳಿತು ಓದುವಾಗ, ಪರರ ಮಗುವಿಗೆ ಬಾಗಿಲು ತೆರೆದ ಆ ಮನೆಯೇ ಕಾದಂಬರಿಯ ನಿಜವಾದ ಸ್ಮಾರಕವೆಂದು ನಮಗೆ ತೋರುತ್ತದೆ.