ಎದೆಗೆ ಇಂಗ್ಲಿಷಿನಲ್ಲಿ ಏನನ್ನಬೇಕು?

ಎದೆಹಾಲು, ಎದೆನೋವು, ಎದೆಗಾರಿಕೆ, ಎದೆಯಾಳದ ಮಾತು. ಕನ್ನಡದಲ್ಲಿ ಇಷ್ಟಕ್ಕೂ ಒಂದೇ ಎದೆ ಸಾಕು. ಇಂಗ್ಲಿಷಿಗೆ ಹೊರಟಿರೋ, ಹಾಲಿಗೆ ಬ್ರೆಸ್ಟ್, ನೋವಿಗೆ ಚೆಸ್ಟ್, ಧೈರ್ಯಕ್ಕೆ ಕರೇಜ್, ಒಳಗಿನ ಮಾತಿಗೆ ಹಾರ್ಟ್ ಎಂದು ಅಡುಗೆಮನೆಯ ಸಾಂಬಾರ ಡಬ್ಬಿಗಳಂತೆ ಒಂದೊಂದನ್ನೂ ತೆರೆದು ನೋಡಬೇಕು.

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯನ್ನು ದೀಪಾ ಭಾಸ್ತಿಯವರು ಇಂಗ್ಲಿಷಿನಲ್ಲಿ ‘ಹಾರ್ಟ್ ಲ್ಯಾಂಪ್’ ಎಂದು ಕರೆದರು. ಅದೇ ಹೆಸರಿನ, 12 ಕಥೆಗಳ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಹೆಸರು ಕಂಡೊಡನೆ ನನ್ನೊಳಗಿನ ನಿವೃತ್ತ ಇಂಗ್ಲಿಷ್ ಟೀಚರು ಕೆಂಪು ಪೆನ್ನು ಹುಡುಕಿದಳು. ‘ಲ್ಯಾಂಪ್ ಆಫ್ ದಿ ಹಾರ್ಟ್’ ಎಂದರೆ ಸರಾಗವಲ್ಲವೆ? ಹಣತೆಯ ಮಣ್ಣೆಲ್ಲಿ ಹೋಯಿತು? ಬರೀ ಲ್ಯಾಂಪ್ ಎಂದರೆ ಮೇಜಿನ ಮೇಲಿನ ಕರೆಂಟಿನ ದೀಪವೂ ಆದೀತು.

ಕಥೆ ಓದಿ ಮುಗಿಸಿ ಪೆನ್ನು ಕೆಳಗಿಟ್ಟೆ. ಗಂಡನಿಗೆ ಬೇಡವಾದ ಮೆಹರುನ್‌ಳನ್ನು ತವರಿನವರೂ ಅವನ ಮನೆಗೇ ತಂದುಬಿಡುತ್ತಾರೆ. ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಕೂಸನ್ನೆತ್ತಿಕೊಂಡು ಓಡಿಬಂದ ಮಗಳು ತಡೆಯುತ್ತಾಳೆ. ಒಳಗೆ ದೀಪ ಆರಿದ ಮೇಲೆ ಹೊರಗೆ ಬೆಂಕಿ ಹಚ್ಚಿಕೊಳ್ಳಹೊರಟವಳ ಕಥೆಯಿದು. ನನ್ನ ‘ಲ್ಯಾಂಪ್ ಆಫ್ ದಿ ಹಾರ್ಟ್’ ಭಜನೆ ಪುಸ್ತಕದ ಹೆಸರಿನಂತಾಗುತ್ತಿತ್ತು. ‘ಅರ್ದನ್ ಲ್ಯಾಂಪ್’ ಎಂದಿದ್ದರೆ ಕರಕುಶಲ ಅಂಗಡಿಯ ಸಾಮಾನು. ಎರಡು ಗಿಡ್ಡ ಪದಗಳನ್ನು ನಮ್ಮ ಸಮಾಸದಂತೆ ಪಕ್ಕಪಕ್ಕ ಕೂರಿಸಿದ್ದರಿಂದ ಮಣ್ಣು ಹೋದರೂ ಉರಿ ಉಳಿಯಿತು.

ಆಗ ನೆನಪಾದದ್ದು ಒಂದು ಹಳೆಯ ಕಾಂಪೊಸಿಷನ್ ಪುಸ್ತಕ. ಪುಟ್ಟ ತಮ್ಮ ತೀರಿಕೊಂಡ ದಿನದ ಬಗ್ಗೆ ಒಬ್ಬ ಹುಡುಗಿ, ಅಮ್ಮನ ‘ಸ್ಟಮಕ್ ವಾಸ್ ಬರ್ನಿಂಗ್’ ಎಂದು ಬರೆದಿದ್ದಳು. ಹೆತ್ತ ಹೊಟ್ಟೆಯ ಉರಿ ಅದು. ಇಂಗ್ಲಿಷಿನಲ್ಲಿ ಓದಿದವರಿಗೆ ಅಸಿಡಿಟಿ ಎನಿಸೀತೆಂದು ನಾನು ಅಡ್ಡಗೆರೆ ಎಳೆದು ‘ವೆರಿ ಸ್ಯಾಡ್’ ಎಂದು ತಿದ್ದಿದೆ. ವಾಕ್ಯ ಸರಿಯಾಯಿತು. ಆ ತಾಯಿ ಮಾತ್ರ ಅದರಿಂದ ಹೊರಗುಳಿದಳು. ಪರೀಕ್ಷೆಯಲ್ಲಿ ನಪಾಸಾದವರಿಗೂ, ಮಳೆ ಬಂದು ಪಿಕ್ನಿಕ್ ತಪ್ಪಿದವರಿಗೂ ‘ವೆರಿ ಸ್ಯಾಡ್’ ತಾನೆ? ‘ಬರ್ನಿಂಗ್’ ಹಾಗೇ ಇಟ್ಟು, ‘ಸ್ಟಮಕ್’ ತೆಗೆದು, ಅವಳು ‘ಇನ್‌ಸೈಡ್’ ಉರಿಯುತ್ತಿದ್ದಳು ಎಂದಿದ್ದರೆ ಇಂಗ್ಲಿಷೂ ಒಪ್ಪುತ್ತಿತ್ತು, ಆ ತಾಯಿಯೂ ಒಪ್ಪುತ್ತಿದ್ದಳು.

ಹುಡುಗಿ ಪುಸ್ತಕ ತೆಗೆದುಕೊಂಡು ಸುಮ್ಮನೆ ಹೋದಳು. ಈಗ ಸಿಕ್ಕರೆ, ‘ತಪ್ಪು ನನ್ನದೇ ಕಣಮ್ಮಾ’ ಎನ್ನಬೇಕು.